ಬಂಗಾರಪೇಟೆವರೆಗೆ ಒಂದು ನಿದ್ದೆ

ಮಾರಿಕುಪ್ಪಂನಿಂದ ರೈಲು ಹೊರಟಿತ್ತಷ್ಟೇ. ಎದುರಿಗೆ ಕೂತಿದ್ದ ಅಪರಿಚಿತ ಹೆಂಗಸು, ಕಿಟಕಿ ಪಕ್ಕದಲ್ಲಿದ್ದ ಮಗನ ಕೈಯನ್ನು ತಂದು ನನ್ನ ಕೈಯಲ್ಲಿಟ್ಟರು. ಮೀಸೆ ಬಂದ ಮಗ, ಮಾತು ಬಾರದು.

“ಒಸಿ ಇಡ್ಕೊಂಡಿರಕ್ಕ, ಬಂಗಾರಪೇಟೆ ಬರೋಗಂಟ ಮನಿಕ್ಕೊಂತೀನಿ. ಮನೇಲಿ ಇವ್ನೂ ಕಣ್ಣು ಮುಚ್ಚಲ್ಲ, ನನ್ನೂ ಬಿಡಲ್ಲ. ರೈಲಲ್ಲಿ ಕಿಟಕಿ ಸಿಕ್ರೆ ಸುಮ್ಕಿರ್ತಾನೆ” ಎಂದವರೇ ಸೀಟಿಗೆ ತಲೆಯೊರಗಿಸಿ ನಿದ್ದೆಹೋದರು.

ಮೊದಲು ನನಗೆ ಗಾಬರಿಯೇ ಆಯಿತು. ಅವನೋ, ಹೊರಗೆ ಎಮ್ಮೆ ಕಂಡಾಗಲೆಲ್ಲ ನನ್ನ ಬೆರಳನ್ನು ಒಮ್ಮೆ ಅದುಮುತ್ತಿದ್ದ. ಸ್ವಲ್ಪ ಹೊತ್ತಿಗೆ ನಾನೂ ಎಮ್ಮೆ ಹುಡುಕತೊಡಗಿದೆ.

ಬಂಗಾರಪೇಟೆಯಲ್ಲಿ ಎಬ್ಬಿಸಿದೆ. ಇಳಿದವರು ಊರ ಕಡೆ ಹೋಗದೆ, ವಾಪಸು ಮಾರಿಕುಪ್ಪಂಗೆ ಹೋಗುವ ರೈಲು ಎಲ್ಲಿ ನಿಲ್ಲುತ್ತದೆಂದು ನೋಡತೊಡಗಿದರು. ಕುತೂಹಲ ತಡೆಯಲಾಗದೆ, “ಇಲ್ಲೇನೂ ಕೆಲಸ ಇರಲಿಲ್ವಾ?” ಎಂದೆ.

“ಏನ್ ಕೆಲ್ಸನೂ ಇಲ್ಲ ಕಣಕ್ಕ, ನಿದ್ದೆ ಮಾಡಕ್ಕೇ ಬಂದಿದ್ದು. ಭಾನ್ವಾರ ಭಾನ್ವಾರ ಬತ್ತೀವಿ. ಯಾರಾದ್ರೂ ಒಬ್ರು ಕೈ ಇಡ್ಕೊಂತಾರೆ.”

ಮುಂದಿನ ಭಾನುವಾರ ಬಂಗಾರಪೇಟೆಯಲ್ಲಿ ನನಗೂ ಯಾವ ಕೆಲಸವೂ ಇರಲಿಲ್ಲ. ಆದರೂ ಅದೇ ರೈಲು ಹತ್ತಿದೆ. ನನ್ನನ್ನು ಕಂಡು ಅವನೇ ಕೈ ಚಾಚಿದ. ನಾನದನ್ನು ಹಿಡಿಯುವಷ್ಟರಲ್ಲಿ ತಾಯಿ ಸೀಟಿಗೆ ತಲೆಯೊರಗಿಸಿ ನಿದ್ದೆಹೋಗಿದ್ದರು.