ಎಡಕ್ಕೆ ಹೊರಳಿದಾಗ ಬರುತ್ತಿದ್ದ ಸದ್ದು

ನನ್ನ ಅಣ್ಣನಿಗೆ ಚಿಕ್ಕಂದಿನಿಂದಲೂ ಕರುಳು ಇಳಿಯುವ ಬೇನೆ ಇತ್ತು. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಏಳುತ್ತಿತ್ತು. ಅಂಗಾತ ಮಲಗಿ ಕೈಯಿಂದ ಮೆಲ್ಲಗೆ ಒತ್ತಿದರೆ ಒಳಗೆ ಹೋಗುತ್ತಿತ್ತು. ಅದು ಹೊರಗೆ ಬರದಂತೆ ಬಿಗಿಯಾಗಿ ಕಟ್ಟಿಕೊಳ್ಳಲು ದಪ್ಪ ಬಟ್ಟೆಯ ಪಟ್ಟಿಯನ್ನು ನಾನೇ ಹೊಲಿದು ಕೊಡುತ್ತಿದ್ದೆ. ಆಗ ನಾನು ಅಫಜಲಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೆ. ಅಣ್ಣ ಬಾಡಿಗೆ ಮೋಟಾರು ಓಡಿಸುತ್ತಿದ್ದ.

ಆಳಂದದ ಶ್ರೀಮಂತರೊಬ್ಬರು ಸಾಕಾಗಿ ಬಿಟ್ಟುಕೊಟ್ಟ ಹಳೆಯ ಮೋಟಾರು ಅದು. ಮೇಲೆ ಬಟ್ಟೆಯ ಹೊದಿಕೆ, ಬದಿಗಳೆಲ್ಲ ಬಯಲು, ಗಾಲಿಗಳಿಗೆ ಎತ್ತಿನ ಬಂಡಿಯ ಹಾಗೆ ಕಟ್ಟಿಗೆಯ ಅರಗಳು. ಅಮಾವಾಸ್ಯೆಗೆ ಘತ್ತರಗಿ ದೇವಿಯ ದರ್ಶನಕ್ಕೆ ಹೋಗುವವರನ್ನು, ಲಗ್ನದ ದಿನಗಳಲ್ಲಿ ಕರಜಗಿ ಕಡೆಯ ಬೀಗರನ್ನು ಅಣ್ಣ ಅದರಲ್ಲಿ ಸಾಗಿಸುತ್ತಿದ್ದ. ಜೇವರ್ಗಿ ಕಡೆಗೆ ಹೊರಟವರನ್ನು ಭೀಮೆಯ ದಂಡೆಯವರೆಗೆ ಬಿಟ್ಟು ಬರುತ್ತಿದ್ದ. ಮುಂದೆ ಅವರು ದೋಣಿ ಹಿಡಿಯುತ್ತಿದ್ದರು. ಯುದ್ಧದ ಕಾಲ. ಪೆಟ್ರೋಲು ಸಿಗುವುದೇ ಕಷ್ಟವಾಗಿತ್ತು, ಹೊಸ ಸಾಮಾನು ಕೇಳುವಂತೆಯೇ ಇರಲಿಲ್ಲ. ಇದ್ದದ್ದನ್ನೇ ಕಟ್ಟಿ, ಬಿಗಿದು, ಎಣ್ಣೆ ಹಾಕಿ ನಡೆಸುತ್ತಿದ್ದ.

ನಮ್ಮ ಓಣಿಯಲ್ಲಿ ಅದನ್ನು ಓಡಿಸಲು ಬರುತ್ತಿದ್ದದ್ದು ಅವನೊಬ್ಬನಿಗೇ. ಜೋಳ ಕೊಯ್ದ ಹೊಲದಲ್ಲಿ ಕೆಲವು ಸಲ ಅವನು ಪಕ್ಕದಲ್ಲಿ ಕೂತು ನನ್ನ ಕೈಗೆ ಕೊಟ್ಟಿದ್ದುಂಟು. ನೆಟ್ಟಗೆ ಹೋಗುವುದು, ನಿಲ್ಲಿಸುವುದು, ಇಷ್ಟು ನನಗೆ ಗೊತ್ತಾಗಿತ್ತು. ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ಅಣ್ಣ ಮೂತಿಗೆ ಹ್ಯಾಂಡಲು ಹಾಕಿ ತಿರುಗಿಸಿ ಮೋಟಾರು ಚಾಲೂ ಮಾಡಲು ಹೋದಾಗ ಹ್ಯಾಂಡಲು ಹಿಂದಕ್ಕೆ ಒದೆಯಿತು. ಬಗ್ಗಿದವನು ಮೇಲೇಳಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಬರಿಗಾಲಲ್ಲಿ ನನ್ನ ಅಂಗಡಿಗೆ ಓಡಿ ಬಂದರು. ನಾನು ಹೋಗುವಷ್ಟರಲ್ಲಿ ಅವನನ್ನು ಅಂಗಳದಲ್ಲಿ ಮಲಗಿಸಿದ್ದರು. ಗಂಟು ಮುಷ್ಟಿಯಷ್ಟಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಮುಟ್ಟಿದರೆ ಚೀರುತ್ತಿದ್ದ, ಕುಡಿಸಿದ ನೀರನ್ನೆಲ್ಲ ಕಾರುತ್ತಿದ್ದ.

ಓಣಿಯ ಹಕೀಮರು ಬಂದು ನೋಡಿದರು, ಒತ್ತಲೇ ಇಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಇದು ನನ್ನ ಕೈಯಾಗಿನ ಕೆಲಸ ಅಲ್ಲಪಾ. ಕರುಳು ಸಿಕ್ಕೊಂಡದ. ಕಲಬುರಗಿ ದವಾಖಾನಿಗೆ ಒಯ್ಯಿ. ಇವತ್ತ ಕೊಯ್ದು ಬಿಡಸಲಿಲ್ಲಂದ್ರ ಒಳಗ ಕೊಳೀತದ."

"ನಾಳಿ ಮುಂಜಾನಿ ಮುಟ್ಟಿಸಿದ್ರ ನಡೀತದೇನ್ರಿ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಎತ್ತಿನ ಬಂಡಿಯಲ್ಲಿ ಹೋದರೆ ನಾಳೆಯೇ ಆಗುತ್ತಿತ್ತು. ಅಣ್ಣನಿಗೆ ನಮ್ಮ ಮಾತು ಕೇಳಿಸಿತ್ತೋ ಏನೋ. ಕಣ್ಣು ಮುಚ್ಚಿಕೊಂಡೇ ಅಂದ:

"ತಮ್ಮಾ, ಮೋಟಾರ್ ನೀನೇ ಹೊಡಿ."

ಹಿಂದಿನ ಸೀಟಿನಲ್ಲಿ ಕೌದಿ ಹಾಸಿ ಅವನನ್ನು ಮಲಗಿಸಿದೆವು. ವೈನಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಓಣಿಯವರು ಹಿಂದಿನಿಂದ ನೂಕಿ ಮೋಟಾರು ಚಾಲೂ ಮಾಡಿಕೊಟ್ಟರು. ನನ್ನ ಅಂಗೈ ಎಷ್ಟು ಬೆವೆತಿತ್ತೆಂದರೆ ಸ್ಟೇರಿಂಗು ಜಾರುತ್ತಿತ್ತು. ಊರು ದಾಟುವಾಗ ಒಂದು ಎಮ್ಮೆ ಅಡ್ಡ ಬಂತು. ಅದು ತಾನಾಗಿ ಸರಿಯಿತು, ನಾನೇನೂ ಮಾಡಲಿಲ್ಲ.

ನೆಟ್ಟನೆಯ ದಾರಿಯಲ್ಲಿ ಸ್ವಲ್ಪ ಧೈರ್ಯ ಬಂತು. ಚೌಡಾಪುರ ಇನ್ನೂ ದೂರವಿದ್ದಾಗ ಒಂದು ತಿರುವು ಬಂತು. ಎಡಕ್ಕೆ ಹೊರಳಿಸಿದೆ. ಮುಂದಿನಿಂದ 'ಟಕ್, ಟಕ್, ಟಕ್' ಎಂದು ಸದ್ದು ಬಂತು. ದಾರಿ ನೆಟ್ಟಗಾದ ಕೂಡಲೇ ನಿಂತಿತು. ಕಲ್ಲು ಸಿಡಿದಿರಬೇಕು ಅಂದುಕೊಂಡೆ. ಬಲತಿರುವಿನಲ್ಲಿ ಬರಲಿಲ್ಲ. ಮುಂದಿನ ಎಡತಿರುವಿನಲ್ಲಿ ಮತ್ತೆ ಬಂತು, ಈ ಸಲ ಜೋರಾಗಿ. ಸ್ಟೇರಿಂಗು ಹಿಡಿದ ನನ್ನ ಬೆರಳಿಗೂ ಅದರ ಪೆಟ್ಟು ತಿಳಿಯಿತು.

"ನಿಲ್ಲಸು" ಅಂದ ಅಣ್ಣ.

"ನಿಲ್ಲಸಬ್ಯಾಡ, ನಡಿ" ಅಂದರು ವೈನಿ. "ಮೋಟಾರ್ ಹಾಳಾಗಿ ಹೋಗ್ಲಿ. ಇವರ ಮಾರಿ ನೋಡು, ಹ್ಯಾಂಗ ಬೆಳ್ಳಗಾಗ್ಯಾದ."

"ಗಾಲಿ ಕಳಚಿತಂದ್ರ ಮೂವರೂ ಇಲ್ಲೇ ಬೀಳ್ತೀವಿ" ಅಂದ ಅಣ್ಣ. ಅಷ್ಟು ಮಾತಿಗೇ ಅವನಿಗೆ ಉಸಿರು ಸಾಲಲಿಲ್ಲ.

ನಾನು ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ, ಆರಿದರೆ ಮತ್ತೆ ಹೊತ್ತಿಸುವ ಭರವಸೆ ನನಗಿರಲಿಲ್ಲ. ಎಡಕ್ಕೆ ಹೊರಳಿದಾಗ ಸದ್ದು ಬರುತ್ತದೆಂದು ಎಡಗಡೆಯ ಮುಂದಿನ ಗಾಲಿಯ ಹತ್ತಿರ ಕೂತೆ. ನಟ್ಟುಗಳನ್ನು ಪಾನಾ ಹಾಕಿ ತಿರುಗಿಸಿ ನೋಡಿದೆ. ಎಲ್ಲವೂ ಬಿಗಿ. ಗಾಲಿಯನ್ನು ಒದ್ದೆ, ಅಲುಗಾಡಿಸಿದೆ. ಏನೂ ಇಲ್ಲ. ಹಿಂದಿನ ಸೀಟಿನಿಂದ ಅಣ್ಣನ ನರಳಾಟ ಕೇಳಿಸುತ್ತಿತ್ತು. ಎಣ್ಣೆಯ ಜಾಗ ಯಾವುದು, ಮುರಿಯುವ ಜಾಗ ಯಾವುದು ಎಂದು ನನಗೆ ಹೇಳುವವರಾದರೂ ಯಾರು?

"ಏನೂ ಕಾಣವಲ್ದು ಅಣ್ಣಾ" ಅಂದೆ. ನನ್ನ ದನಿ ಅಳುವಿನಂತೆ ಕೇಳಿಸಿತು.

ಅವನು ನೋವು ತಗ್ಗುವ ತನಕ ಹಲ್ಲು ಕಚ್ಚಿಕೊಂಡಿದ್ದು ಆಮೇಲೆ ಕೇಳಿದ:

"ಜೋರ್ ಹೋದ್ರ ಸಪ್ಪಳನೂ ಜಲ್ದಿ ಜಲ್ದಿ ಬರ್ತದೇನು?"

"ಹೌದು."

"ಬಲಕ್ಕ ಹೊಳ್ಳಿದಾಗ?"

"ಬರಂಗಿಲ್ಲ."

"ಹಂಗಂದ್ರ ಬಲಗಾಲಿ ನೋಡು. ಎಡಕ್ಕ ಹೊಳ್ಳಿದ್ರ ಭಾರೆಲ್ಲಾ ಬಲಗಾಲಿ ಮ್ಯಾಲೆ ಬೀಳ್ತದ. ನಟ್ಟು ಬ್ಯಾಡ. ಅರ ಹಿಡಿದು ಒಂದೊಂದೇ ಅಲುಗಾಡಸು."

ನಾನು ಸುತ್ತಿ ಬಂದು ಬಲಗಾಲಿಯ ಅರಗಳನ್ನು ಒಂದೊಂದಾಗಿ ಹಿಡಿದು ಜಗ್ಗಿದೆ. ಮೇಲಿನ ಕೆಲವು ಗಟ್ಟಿಯಾಗಿದ್ದವು. ಕೆಳಗಿನದೊಂದು ಕೈಯಲ್ಲಿ ಟಕ್ ಎಂದಿತು. ಅದರ ಪಕ್ಕದ್ದೂ ಹಾಗೇ, ಅದರಾಚೆಯದೂ ಹಾಗೇ. ನಡುವಿನ ಕಬ್ಬಿಣದ ಗುಂಬಕ್ಕೆ ಸೇರುವಲ್ಲಿ ಕಟ್ಟಿಗೆ ಒಣಗಿ, ಕುಗ್ಗಿ, ಉಗುರು ಹೋಗುವಷ್ಟು ಸಂದಿ ಬಿಟ್ಟಿತ್ತು. ಆ ವರ್ಷದ ಬಿಸಿಲು ಅಂಥದ್ದು. ನಾನು ಕಂಡದ್ದನ್ನು ಹೇಳಿದೆ.

"ರಾತ್ರಿಯೆಲ್ಲಾ ನೀರಾಗ ನೆನಿಸಿದ್ರ ಕಟಗಿ ಉಬ್ಬಿ ಬಿಗಿ ಆಗ್ತಿತ್ತು" ಅಂದ ಅಣ್ಣ. ರಾತ್ರಿ ಎಂಬ ಮಾತು ಕೇಳಿ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾನು ಏನು ಮಾಡಬೇಕೆಂದು ತಿಳಿಯದೆ ದಾರಿಯ ನಡುವೆ ನಿಂತೆ. ಎರಡೂ ಕಡೆ ಕರಿ ಹೊಲ ಬಿರಿದು ಬಿದ್ದಿತ್ತು. ಸ್ವಲ್ಪ ಮುಂದೆ ಒಂದು ಬಾವಿ ಕಾಣಿಸಿತು. ಎತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುತ್ತಿದ್ದ ರೈತ ನಮ್ಮ ಕಡೆಗೇ ನೋಡುತ್ತಿದ್ದ. ನಾನು ಮೋಟಾರನ್ನು ನಡಿಗೆಯ ವೇಗದಲ್ಲಿ ಅಲ್ಲಿಗೆ ತಂದೆ. ನಡುವಯಸ್ಸಿನ ಮುಸಲ್ಮಾನ ರೈತ. ಅಣ್ಣನನ್ನು ಕಂಡವನೇ ಎತ್ತು ನಿಲ್ಲಿಸಿದ.

"ಘಾಬ್ರಿ ಆಗಬ್ಯಾಡ್ರಿ. ಏನು ಬೇಕು ಹೇಳ್ರಿ."

"ಜಾಲಿ ಕಟಗಿ" ಎಂದು ಒಳಗಿನಿಂದಲೇ ಅಣ್ಣ ಹೇಳಿದ. "ತೆಳ್ಳಗ ಬೆಣಿ ಕೆತ್ತಿ ಕೊಡ್ರಿ. ಸಂದ್ಯಾಗ ಹೊಡೀಬೇಕು."

ರೈತ ಕೊಡಲಿ ತಂದು ಜಾಲಿಯ ತುಂಡಿನಿಂದ ಬೆಣೆ ಕೆತ್ತತೊಡಗಿದ. ನಾನು ನನ್ನ ಧೋತರದ ಅಂಚು ಹರಿದು, ನೀರಲ್ಲಿ ಅದ್ದಿ, ಬೆಣೆಗೆ ಸುತ್ತಿ ಸಂದಿಗೆ ಇಟ್ಟೆ. ಕೊಡಲಿಯ ಹಿಂಬದಿಯಿಂದ ಅವನು ಹೊಡೆದ. ಮೊದಲ ಬೆಣೆ ಸೀಳಿಹೋಯಿತು. ಎರಡನೆಯದು ಕೂತಿತು. ವೈನಿ ಸೀಟಿನಿಂದಲೇ "ಆತೇನು? ಆತೇನು?" ಎಂದು ಕೇಳುತ್ತಿದ್ದರು. ಅಣ್ಣ ಮತ್ತೆ ಕಾರಿಕೊಂಡ. ಈ ಸಲ ಬಂದದ್ದರ ವಾಸನೆ ನನ್ನ ತನಕ ಬಂತು. ಹಕೀಮರು ಅಂದ ಕೊಳೆಯುವ ಮಾತು ನೆನಪಾಗಿ ನನ್ನ ಕಣ್ಣು ಮಂಜಾಯಿತು. ಬೆಣೆಯ ಬದಲು ನನ್ನ ಹೆಬ್ಬೆರಳನ್ನೇ ಇಟ್ಟಿದ್ದೆ. ರೈತ ಕೊಡಲಿ ಎತ್ತಿದವನು ತಡೆದ.

"ಕೈ ತಗೀರಿ. ನೀವು ಹಿಂಗ ಮಾಡಿದ್ರ ಮೋಟಾರ್ ಯಾರು ಹೊಡೀತಾರ?"

ಎಲ್ಲ ಬೆಣೆ ಕೂತ ಮೇಲೆ ಅವನು ತನ್ನ ಹಳೆಯ ತೊಗಲಿನ ಹಗ್ಗವನ್ನು ನೀರಲ್ಲಿ ನೆನೆಸಿ ಅರಗಳ ಬುಡಕ್ಕೆ ಹೆಣೆದು ಬಿಗಿದ. ಒದ್ದೆ ಗೋಣಿಚೀಲವನ್ನೂ ಸುತ್ತಿದ. ಎರಡು ಕೊಡ ನೀರನ್ನು ಗಾಲಿಯ ಮೇಲೆ ಸುರಿದು, ಇನ್ನೊಂದು ಕೊಡವನ್ನು ಮುಂದೆ ನನ್ನ ಪಕ್ಕದಲ್ಲಿಟ್ಟು, "ಕೊಡ ಯಾವಾಗರೇ ತಂದು ಕೊಡ್ರಿ, ಹೋಗ್ರಿ" ಅಂದ.

ಅಲ್ಲಿಂದ ಮುಂದಿನ ದಾರಿಯನ್ನು ನಾನು ಕಣ್ಣಿನಿಂದಲ್ಲ, ಕಿವಿಯಿಂದ ಓಡಿಸಿದೆ. ಮೊದಲ ಎಡತಿರುವಿನಲ್ಲಿ ಸದ್ದು ಬರಲಿಲ್ಲ. ನಾನು ಉಸಿರು ಬಿಟ್ಟೆ. ಚೌಡಾಪುರ ದಾಟಿದ ಮೇಲೆ ಗೋಣಿ ಒಣಗಿತು, ಸದ್ದು ಸಣ್ಣಗೆ ಮತ್ತೆ ಶುರುವಾಯಿತು. ನಿಲ್ಲಿಸಿ ಕೊಡದ ನೀರು ಹೊಯ್ದೆ. ಒಂದಿಷ್ಟು ದೂರ ಹೋಗಿ ಮತ್ತೆ ಹೊಯ್ದೆ. ಆಮೇಲೆ ನೀರೂ ಮುಗಿಯಿತು. ತಿರುವು ಕಂಡರೆ ದಾರಿಯ ಆಚೆ ಅಂಚಿನ ತನಕ ಸರಿದು ಅಗಲವಾಗಿ ಹೊರಳಿಸುತ್ತಿದ್ದೆ. ಜೋರಾಗಿ ಹೋದರೆ ಗಾಲಿ, ಮೆಲ್ಲಗೆ ಹೋದರೆ ಅಣ್ಣ. ಯಾವುದನ್ನು ಕಳೆದುಕೊಳ್ಳಲಿ ಎಂದು ಪ್ರತಿ ತಿರುವಿನಲ್ಲೂ ಮತ್ತೆ ಮತ್ತೆ ತೂಗಬೇಕಾಗಿತ್ತು. ಅಣ್ಣ ಈಗ ಏನನ್ನೂ ಹೇಳುತ್ತಿರಲಿಲ್ಲ. ನರಳುವುದನ್ನೂ ಬಿಟ್ಟಿದ್ದ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

"ವೈನಿ, ಅಣ್ಣ ಉಸಿರಾಡಾಕತ್ಯಾನೇನ್ರಿ?"

"ಹ್ಞೂಂ. ನೀ ಮುಂದ ನೋಡಿ ಹೊಡಿ" ಅಂದರು. ಅವರು ಘತ್ತರಗಿಯ ಭಾಗ್ಯವಂತಿಯನ್ನು ಮೆಲುದನಿಯಲ್ಲಿ ಕರೆಯುತ್ತಿದ್ದದ್ದು ಕೇಳಿಸುತ್ತಿತ್ತು.

ಹೊತ್ತು ಇಳಿಯುವ ಮೊದಲು ಕಲಬುರಗಿ ಮುಟ್ಟಿದೆವು. ದವಾಖಾನೆಯ ದೊಡ್ಡ ಬಾಗಿಲು ಎಡಕ್ಕಿತ್ತು, ಬಹಳ ಇಕ್ಕಟ್ಟಾದ ತಿರುವು. ಗಾಲಿಯ ಸದ್ದು ಆಗ ಬಡಗಿಯ ಸುತ್ತಿಗೆಯ ಹಾಗೆ ಬಡಿಯುತ್ತಿತ್ತು. ಹೊರಳಿಸಲು ನನಗೆ ಧೈರ್ಯವಾಗಲಿಲ್ಲ. ಬೀದಿಯಲ್ಲೇ ನಿಲ್ಲಿಸಿ, ಎದುರಿನ ಚಹಾದ ಅಂಗಡಿಯವರ ಹಗ್ಗ ಹೆಣೆದ ಹೊರಸು ಬೇಡಿ, ಅದರ ಮೇಲೆ ಅಣ್ಣನನ್ನು ಹೊತ್ತು ಒಳಗೆ ಒಯ್ದೆವು. ಹೊರಸಿನ ಒಂದು ಕಾಲನ್ನು ವೈನಿಯೇ ಹಿಡಿದಿದ್ದರು.

ಡಾಕ್ಟರು ಗಂಟು ನೋಡಿದವರೇ ಏನೂ ಕೇಳದೆ ಒಳಗೆ ಕರೆಸಿಕೊಂಡರು. ನಾವಿಬ್ಬರೂ ಪಡಸಾಲೆಯ ಕಲ್ಲಿನ ಮೇಲೆ ಕೂತೆವು. ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು.

"ಗೇಣುದ್ದ ಕರುಳು ಕರ್ರಗಾಗಿತ್ತು, ಕೊಯ್ದು ತೆಗೆದೇವಿ. ಬದುಕ್ತಾನಂತ ಈಗ ಹೇಳಂಗಿಲ್ಲ. ಜ್ವರ ಇಳೀಲಿ."

ಜ್ವರ ಬೇಗ ಇಳಿಯಲಿಲ್ಲ. ಅಣ್ಣ ನಮ್ಮಿಬ್ಬರ ಗುರುತು ಹಿಡಿಯದೆ ಮಲಗಿದ್ದ ದಿನಗಳನ್ನು ನಾನು ಹೆಚ್ಚು ನೆನೆಯುವುದಿಲ್ಲ. ಒಂದು ಮುಂಜಾನೆ ವೈನಿಯನ್ನು ಕಂಡು ಗಂಜಿ ಕೇಳಿದ. ಅವರು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಗಂಜಿ ತರಲು ನಾನೇ ಓಡಿದೆ.

ಮೋಟಾರನ್ನು ಹತ್ತಿರದ ರಿಪೇರಿ ಮಿಸ್ತ್ರಿಯ ಜಾಗಕ್ಕೆ ಎಳೆಸಿದ್ದೆ. ಹಗ್ಗ ಬಿಚ್ಚಿದ ಕೂಡಲೇ ಮೂರು ಅರಗಳು ನೆಲಕ್ಕೆ ಬಿದ್ದವು ಎಂದು ಅವನು ಹೇಳಿದ. ಅವನು ಬೇರೆ ಗಾಲಿ ಹಾಕಿ ಕೊಡುತ್ತೇನೆ ಅಂದರೂ ವೈನಿ ಒಪ್ಪಲಿಲ್ಲ.

"ಬೇಕಾದ್ರ ನಡಕೋತ ಹೋಗ್ತೇನಿ. ಅದರಾಗ ಮಾತ್ರ ಕೂಡಂಗಿಲ್ಲ."

ಕಡಗಂಚಿ ಅವರ ತವರು. ಅಲ್ಲಿಂದ ಅವರ ತಮ್ಮ ಬಂಡಿಯಲ್ಲಿ ಜೋಳದ ಒಣ ದಂಟಿನ ಕಣಕಿ ಹಾಸಿಕೊಂಡು ಬಂದು ಅಣ್ಣನನ್ನು ಕರೆದೊಯ್ದ. ಕೊಡವನ್ನು ನಾನು ಒಬ್ಬನೇ ಹೋಗಿ ಬಾವಿಯ ರೈತನಿಗೆ ಒಪ್ಪಿಸಿ ಬಂದೆ.

ಅಣ್ಣ ಮತ್ತೆ ಮೋಟಾರು ಓಡಿಸಲಿಲ್ಲ. ಭಾರ ಎತ್ತುವ ಯಾವ ಕೆಲಸವೂ ಅವನಿಂದ ಆಗಲಿಲ್ಲ. ಮೋಟಾರು ಆ ಮಿಸ್ತ್ರಿಯ ಹತ್ತಿರವೇ ಉಳಿಯಿತು. ಮಳೆಗಾಲ ಕಳೆದ ಮೇಲೆ ಅಣ್ಣ ಅಫಜಲಪುರಕ್ಕೆ ಮರಳಿ ನನ್ನ ಅಂಗಡಿಯಲ್ಲಿ ಕೂತು ಅಂಗಿಯ ಗುಂಡಿತೂತುಗಳಿಗೆ ಕಾಜಾ ಹೊಲಿಯುವುದನ್ನು ಕಲಿತ. ಅವನ ದಪ್ಪ ಬೆರಳಿಗೆ ಸೂಜಿ ಒಗ್ಗುತ್ತಿರಲಿಲ್ಲ. ಕಾಜಾ ಸೊಟ್ಟಗಾಗುತ್ತಿತ್ತು, ಕೆಲವರು ಗೊಣಗುತ್ತಿದ್ದರು. ಅವನು ಮನೆಗೆ ಹೋದ ಮೇಲೆ ತೀರಾ ಕೆಟ್ಟವನ್ನು ಬಿಚ್ಚಿ ನಾನು ಮತ್ತೆ ಹೊಲಿಯುತ್ತಿದ್ದೆ.