ಗಂಟು ಸರಿಯಾಯ್ತಾ, ಅಕ್ಕಾ?

ಗೆಳೆಯರೇ, ಇವತ್ತು ನನ್ನ ಕಳ್ಳಾಟ ಬಯಲಾಯ್ತು.

ಬಟ್ಟೆ ಪರೀಕ್ಷಿಸುವ ಕೆಲಸಕ್ಕೆ ಅಂತ ನಾನು ತಮಿಳುನಾಡಿನ ಸೋಮನೂರಿಗೆ ಬಂದು ಎರಡು ತಿಂಗಳಾಯ್ತು. ಮಗ್ಗದಲ್ಲಿ ತುಂಡಾದ ನೂಲಿಗೆ ಗಂಟು ಹಾಕುವುದನ್ನೂ ಕಲಿಯಬೇಕು ಅಂದರು ಮಾಲೀಕರು. ಮೊದಲು ಕಲಿಸಿದ ಮೇಸ್ತ್ರಿ ಪ್ರತಿ ಗಂಟಿಗೂ ತಪ್ಪು ತಪ್ಪು ಅಂತ ತಮಿಳಿನಲ್ಲಿ ಕೂಗುತ್ತಿದ್ದರು. ಗಾಬರಿಗೆ ನನ್ನ ಕೈಯಿಂದ ನೂಲು ಜಾರುತ್ತಿತ್ತು. ಆಮೇಲೆ ಪಕ್ಕದ ಮಗ್ಗದ ರಂಗಮ್ಮಕ್ಕನ ಹತ್ತಿರ ಕಳಿಸಿದರು. ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದ ಮನೆಯವರು.

"ನಾನಾಗಿ ಏನೂ ಹೇಳಲ್ಲ ಕಣ್ಣು. ನಿನಗೆ ಬೇಕು ಅನ್ನಿಸಿದಾಗ ಕೇಳು" ಅಂದರು. ಕಣ್ಣು ಅಂದರೆ ಇಲ್ಲಿ ಪ್ರೀತಿಯಿಂದ ಕರೆಯುವ ಮಾತು. ಕೇಳಿದಾಗ ಮಾತ್ರ ನೋಡಿ, ಒಂದೇ ಮಾತು ಹೇಳುತ್ತಿದ್ದರು. ವಾರದಲ್ಲೇ ಕೈ ಪಳಗಿತು.

ಆದರೂ ನಾನು ಕೇಳುವುದನ್ನು ಬಿಡಲಿಲ್ಲ. ಇವತ್ತು ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಾಗ ಮತ್ತೆ ಕೇಳಿದೆ. "ಅಕ್ಕಾ, ಇದು ಸರಿಯಾ?"

ಅವರು ಗಂಟು ನೋಡಲಿಲ್ಲ, ನನ್ನ ಮುಖ ನೋಡಿದರು. "ಹೋದ ವಾರವೇ ಸರಿಯಾಯ್ತಲ್ಲ. ಇನ್ನೂ ಯಾಕೆ ಕೇಳ್ತೀಯ?"

ಸುಳ್ಳು ಹೊಳೆಯಲಿಲ್ಲ. "ದಿನಪೂರ್ತಿ ನನ್ನ ಹತ್ತಿರ ಕನ್ನಡ ಮಾತಾಡೋದು ನೀವೊಬ್ಬರೇ ಅಕ್ಕಾ" ಅಂದೆ.

ಅವರು ನನ್ನ ಕೈಯಿಂದ ನೂಲು ತೆಗೆದು ಪಕ್ಕಕ್ಕಿಟ್ಟರು. "ಅದಕ್ಕೆ ಗಂಟು ಯಾಕೆ? ಬೆಳಿಗ್ಗೆ ಏನು ಮಾಡಿ ತಿಂದೆ, ಅದನ್ನ ಹೇಳು."

ಬರೀ ಬಿಸ್ಕತ್ತು ತಿಂದೆ ಅನ್ನಲು ನಾಚಿಕೆಯಾಗಿ ಉಪ್ಪಿಟ್ಟು ಅಂದುಬಿಟ್ಟೆ. "ನಾಳೆ ನನಗೂ ತಕ್ಕೊಂಡು ಬಾ" ಅಂದರು.

ಈಗ ರವೆ ಕೊಂಡು ತಂದು ಕೂತಿದ್ದೇನೆ. ಇಬ್ಬರಿಗೆ ಎಷ್ಟು ಹಾಕಬೇಕು ಅನ್ನೋದೇ ಮರೆತುಹೋಗಿದೆ. ಗೊತ್ತಿದ್ದವರು ಹೇಳಿ.