ಹಕ್ಕಿಗೊಂದು ರೆಂಬೆ

ನಾನು ಪಶುವೈದ್ಯ. ಹೊನ್ನವಳ್ಳಿಯ ಒಂದು ಮನೆಯಲ್ಲಿ ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದಾಗ ಮನೆಯಾಕೆ ಪಂಜರವೊಂದನ್ನು ತಂದು ಮುಂದಿಟ್ಟರು.

"ಇದ್ರ ಕಾಲೂ ಒಸಿ ನೋಡಿ ಡಾಕ್ಟ್ರೇ, ಒಂಟಿಕಾಲಲ್ಲೇ ನಿಂತಿರ್ತದೆ."

ಹಸಿರು ಲವ್‌ಬರ್ಡು. ಒಂದು ಅಂಗಾಲು ಕೆಂಪಾಗಿ ಉಜ್ಜಿಹೋಗಿತ್ತು. ಅದು ಕೂರುತ್ತಿದ್ದ ನುಣುಪು ಪ್ಲಾಸ್ಟಿಕ್ ಕಡ್ಡಿ ಹಗಲೂ ರಾತ್ರಿ ಪಾದದ ಒಂದೇ ಜಾಗವನ್ನು ಒತ್ತುತ್ತಿತ್ತು. ಗಾಯ ತೊಳೆದು, "ಈ ಕಡ್ಡಿ ತೆಗೆದು ತೋಟದಿಂದ ಒಂದು ರೆಂಬೆ ತಂದು ಕಟ್ಟಿ" ಎಂದೆ.

ಹಸುವನ್ನು ಹಿಡಿದುಕೊಂಡಿದ್ದ ಯಜಮಾನರು ತೋಟದ ಕಡೆ ನೋಡಿದರು. ಕಣ್ಣು ಹಾಯುವಷ್ಟೂ ತೆಂಗು. "ತೆಂಗಿಗೆಲ್ಲಿ ರೆಂಬೆ ಡಾಕ್ಟ್ರೇ?" ಇಷ್ಟು ಮರಗಳ ನಡುವೆ ಒಂದು ರೆಂಬೆಯೂ ಇಲ್ಲವೆಂದು ನನಗೂ ಹೊಳೆದದ್ದು ಆಗಲೇ.

"ಬೇಲಿ ಮ್ಯಾಲೆ ಐತಲ್ಲ," ಎಂದರು ಆಕೆ. ಅದು ಬೇಲಿ ದಾಟಿ ಈ ಕಡೆ ಚಾಚಿದ್ದ, ಪಕ್ಕದ ತೋಟದವರ ಬೇವಿನ ಕೊಂಬೆ. ನೆರಳಿಗೆ ನಮ್ಮ ತೆಂಗು ಸೊರಗುತ್ತದೆ, ಆ ಕೊಂಬೆ ಕಡಿಸು ಎಂದು ಜಗಳವಾಡಿ ಯಜಮಾನರು ಅವರ ಜೊತೆ ಮಾತೇ ಬಿಟ್ಟಿದ್ದರಂತೆ.

ಹಕ್ಕಿ ಮತ್ತೆ ಕಾಲೆತ್ತಿಕೊಂಡಿತು. ಯಜಮಾನರು ಬೇಲಿಯವರೆಗೆ ಹೋಗಿ ಕೂಗಿದರು. "ಒಂದು ರೆಂಬೆ ಬೇಕಾಗಿತ್ತು ಕಣಪ್ಪ. ಹಕ್ಕಿಗೆ."

ಆ ಕಡೆಯಿಂದ ಪಕ್ಕದ ತೋಟದವರ ದನಿ ಬಂತು, "ಎಷ್ಟು ದಪ್ಪದ್ದು ಬೇಕ್ಲಾ?"

ಮತ್ತೊಮ್ಮೆ ಹೋದಾಗ ಹಕ್ಕಿ ಎರಡೂ ಕಾಲೂರಿ ಬೇವಿನ ತೊಗಟೆ ಕುಕ್ಕುತ್ತಿತ್ತು. ಬೇಲಿಯ ಮೇಲಿನ ಕೊಂಬೆ ಹಾಗೇ ಚಾಚಿಕೊಂಡಿತ್ತು.

"ಅದನ್ನ ಕಡಿಸಲಿಲ್ವಾ?" ಎಂದು ಯಜಮಾನರನ್ನು ಕೇಳಿದೆ.

"ಇರ್ಲಿ ಬುಡಿ. ಆಗಾಗ ರೆಂಬೆ ಬದಲಾಯಿಸ್ಬೇಕು ಅಂತ ನೀವೇ ಹೇಳಿದ್ರಲ್ಲ."

ನಾನು ಹಾಗೇನೂ ಹೇಳಿರಲಿಲ್ಲ. ಹೂಂ ಅಂದೆ.